ಸಾಹೇಬರ ದನಿಯಲ್ಲಿ ಒಂದು ಫೋನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ಊರಿನ ನರ್ಸ್‌ಗಳು ವರ್ಷಗಟ್ಟಲೆ ಓಡಾಡಿ ಎತ್ತಿ ನಿಲ್ಲಿಸಿದ ಬೇಡಿಕೆಯೊಂದು ನೆಲಕ್ಕೆ ಬಿದ್ದದ್ದು ನನ್ನಿಂದ. ಅದಕ್ಕೆ ಘನವಾದ ಕಾರಣವೇನೂ ಇರಲಿಲ್ಲ. ಚಹಾ ಕುಡಿದು ಕೈ ಖಾಲಿ ಇತ್ತು, ಎದುರಿಗೆ ಫೋನಿತ್ತು.

ನಾನು ಸರಸಂಬಾದವನು, ನರ್ಸಿಂಗ್ ಓದಿದ ಗಂಡಸು. ಅಂದರೆ ಆಸ್ಪತ್ರೆಯಲ್ಲಿ ‘ಬ್ರದರ್’, ಊರಿನಲ್ಲಿ ‘ಕಂಪೌಂಡರ್’, ಹೆಣ್ಣು ನೋಡಲು ಹೋದಲ್ಲಿ ‘ಡಾಕ್ಟರಿಗಿಂತ ಒಂದೀಟು ಕಡಿಮೆ’. ಇನ್ನೊಬ್ಬರ ದನಿ ತೆಗೆಯುವುದು ನನಗೆ ಚಿಕ್ಕಂದಿನ ಚಟ. ಬಸ್ ಕಂಡಕ್ಟರು, ನಮ್ಮಪ್ಪ, ಮಠದ ಸ್ವಾಮಿಗಳು, ಯಾರನ್ನೂ ಬಿಟ್ಟವನಲ್ಲ. ಮೊದಲ ಸಲ ಸೂಜಿ ಚುಚ್ಚುವಾಗ ರೋಗಿಗಿಂತ ಮುಂಚೆ ನಾನೇ ‘ಅವ್ವಾ’ ಅಂದಿದ್ದನ್ನೂ ಮಾಡಿ ತೋರಿಸುತ್ತಿದ್ದೆ.

ನಮ್ಮದು ಖಾಸಗಿ ಆಸ್ಪತ್ರೆ. ಮೂರು ಊರಿನಲ್ಲಿ ಮೂರು ಶಾಖೆ, ಮೂರಕ್ಕೂ ಒಬ್ಬರೇ ದೊಡ್ಡ ಡಾಕ್ಟರು, ಮಾಲೀಕರೂ ಅವರೇ. ಸಾಹೇಬರು ಒಂದು ಊರಿನಲ್ಲಿದ್ದರೆ ಉಳಿದೆರಡು ಊರಿನ ರೋಗಿಗಳಿಗೆ ಫೋನಿನಲ್ಲೇ ಔಷಧ ಹೇಳುತ್ತಿದ್ದರು. ನಾಲ್ಕು ದಿನ ಬಿಟ್ಟು ಬಂದು, ಚಾರ್ಟಿನಲ್ಲಿ ಹಿಂದಿನ ತಾರೀಖು ಹಾಕಿ ಸಹಿ ಮಾಡುತ್ತಿದ್ದರು. ನಡುವೆ ಏನಾದರೂ ಹೆಚ್ಚುಕಡಿಮೆಯಾದರೆ ಔಷಧ ಹೇಳಿದವರು ಯಾರೂ ಇರುತ್ತಿರಲಿಲ್ಲ, ಕೊಟ್ಟ ನರ್ಸ್ ಮಾತ್ರ ಇರುತ್ತಿದ್ದಳು. ಅದಕ್ಕೇ ಸಂಘ ಹುಟ್ಟಿತು. ಕೇಳಿದ್ದು ಇಷ್ಟೇ: ಔಷಧವನ್ನು ಬರೆದು ಕೊಡಿ, ಮೊಬೈಲಿನಲ್ಲಿ ಬರೆದು ಕಳಿಸಿದರೂ ಆದೀತು, ಸಹಿ ಮಾಡಿದ ದಿನದ ತಾರೀಖನ್ನೇ ಹಾಕಿ.

ಸಂಘದ ಕಾರ್ಯದರ್ಶಿ ಆಳಂದದಲ್ಲಿ ನಮ್ಮ ವಾರ್ಡಿನ ಹಿರಿಯ ಸಿಸ್ಟರ್, ಗೊಬ್ಬೂರಿನವರು. ಎಲ್ಲರೂ ಅವರಿಗೆ ಅಕ್ಕೋರು ಎನ್ನುತ್ತಿದ್ದೆವು. ವಾರದ ರಜೆಯನ್ನು ಬಸ್ಸಿನಲ್ಲೇ ಕಳೆದು, ಮೂರೂ ಶಾಖೆಗೆ ತಿರುಗಿ, ಹೆದರಿದವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ ಅರ್ಜಿಗೆ ಸಹಿ ಹಾಕಿಸಿದ್ದರು. ಕೊನೆಗೆ ಸಾಹೇಬರು ಮಾತುಕತೆಗೆ ಒಂದು ಶುಕ್ರವಾರ ಗೊತ್ತುಮಾಡಿದರು.

ಅದೇ ವಾರದ ಸೋಮವಾರ ನಾನು ಕೆಳಗಿನ ಔಷಧ ಅಂಗಡಿಯಿಂದ ವಾರ್ಡಿಗೆ ಫೋನ್ ಹಚ್ಚಿದೆ. ವಾರ್ಡಿನದು ಹಳೆಯ ಫೋನು, ಯಾರು ಮಾಡಿದ್ದೆಂದು ತೋರಿಸುವುದಿಲ್ಲ. ಸಾಹೇಬರ ಹಾಗೆ ಎರಡು ಸಲ ಗಂಟಲು ಸರಿಮಾಡಿಕೊಂಡೆ.

“ಹಾಂ ಸಿಸ್ಟರ್, ಕೇಳ್ರಿಲ್ಲೆ. ಆ ಸರಸಂಬಾದ ಬ್ರದರ್‌ಗೆ ಇವತ್ತ ಅರ್ಧಾ ದಿನಾ ಸೂಟಿ ಕೊಡ್ರಿ. ಪಾಪ, ಭಾಳ ದುಡೀತಾನ.”

“ಆತ್ರಿ ಸರ್,” ಅಂದರು ಅಕ್ಕೋರು. ಆಮೇಲೆ ಅಂಗಡಿಯವನು ನಕ್ಕದ್ದು ಕೇಳಿರಬೇಕು. “ಲೇ, ನೀನೇನು? ಮ್ಯಾಲ ಬಾ, ಕಿವಿ ಕಿತ್ತು ಕೈಯಾಗ ಕೊಡ್ತೀನಿ.”

ನಗು ಬಂತೆಂದರೆ ನನಗೆ ಬುದ್ಧಿ ಇರುವುದಿಲ್ಲ. ಇನ್ನೂ ಎರಡು ಸಲ ಮಾಡಿದೆ.

ನಾಲ್ಕನೆಯ ಸಲ ಫೋನ್ ಮಾಡಿದವರು ನಿಜವಾದ ಸಾಹೇಬರು, ಜೇವರ್ಗಿಯಿಂದ. ನಮ್ಮ ವಾರ್ಡಿನಲ್ಲಿದ್ದ ಚೌಡಾಪುರದ ಒಬ್ಬ ಮುದುಕಿಯ ಸಕ್ಕರೆ ಇಳಿದ ವರದಿಯನ್ನು ಮೊಬೈಲಿನಲ್ಲಿ ನೋಡಿ, ಮಧ್ಯಾಹ್ನದ ಇನ್ಸುಲಿನ್ ಅರ್ಧಕ್ಕೆ ಇಳಿಸಿ ಎಂದು ಹೇಳಲು. ಅವರು ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಅಕ್ಕೋರು, “ಸಾಕ ಮಾಡಪಾ ನಿನ್ನ ನಾಟಕಾ, ಕೆಲಸಾ ಅದ ನನಗ,” ಎಂದು, ಮತ್ತೆ ಗಂಟೆ ಬಾರಿಸದಂತೆ ರಿಸೀವರನ್ನು ಪಕ್ಕಕ್ಕೆ ತೆಗೆದಿಟ್ಟರು. ಚಾರ್ಟಿನಲ್ಲಿ ಮೊದಲೇ ಬರೆದಿದ್ದಷ್ಟು ಇನ್ಸುಲಿನ್ ಪೂರಾ ಕೊಟ್ಟರು.

ಗಂಟೆಯೊಳಗೆ ಮುದುಕಿ ಬೆವರಿ ತೊಯ್ದು ತೊದಲತೊಡಗಿದಳು. ಅಕ್ಕೋರೇ ಓಡಿ ಗ್ಲೂಕೋಸ್ ಏರಿಸಿದರು. ಸಂಜೆಗೆ ಆಕೆ ಎದ್ದು ಕೂತು, “ನನಗೇನ ಆಗಿತ್ತವಾ?” ಎಂದು ಕೇಳಿದಳು. ಅಕ್ಕೋರು ಆಕೆಯ ಕೈ ಹಿಡಿದು ಕೂತಿದ್ದರು. ಬಾಗಿಲವರೆಗೆ ಬಂದಿದ್ದ ನಾನು ಹಾಗೇ ಕೆಳಗಿಳಿದು ಹೋದೆ. ಮರುದಿನ ಅಕ್ಕೋರಿಗೆ ಮೆಮೊ ಬಂತು.

ಶುಕ್ರವಾರ ಮೇಲಿನ ಮಹಡಿಯಲ್ಲಿ ಎಲ್ಲರಿಗೂ ಚಹಾ, ಅವಲಕ್ಕಿ ಚೂಡಾ ಇಟ್ಟಿದ್ದರು. ಸಾಹೇಬರು ಅರ್ಜಿಯನ್ನು ತೆರೆಯಲೇ ಇಲ್ಲ.

“ಫೋನ್ ಮಾಡಿ ಹೇಳಿದ್ದ ಕೇಳಲ್ದವರು, ಬರದು ಕೊಟ್ರ ಕೇಳ್ತೀರೇನು ಸಿಸ್ಟರ್?”

“ಫೋನಿನ್ಯಾಗ ಮಾತಾಡಿದವರು ನೀವ ಹೌದೋ ಅಲ್ಲೋ ನನಗ ತಿಳೀಲಿಲ್ರಿ. ಅದಕ್ಕ ಬರದು ಕೊಡ್ರಿ ಅನ್ನಾಕತ್ತೇವಿ.”

“ನನ್ನ ದನಿ ಮತ್ತ್ಯಾರ ಗಂಟಲದಾಗ ಅದರಿ?”

ಯಾರ ಗಂಟಲಲ್ಲಿದೆ ಎಂಬುದು ಮೂರೂ ಊರಿನ ನರ್ಸ್‌ಗಳಿಗೆ ಗೊತ್ತಿತ್ತು. ಎಲ್ಲರೂ ತಮ್ಮ ತಮ್ಮ ಚಹಾದ ಬಸಿ ನೋಡಿಕೊಂಡು ಕೂತರು. ಸಂಘದವನ ಹೆಸರನ್ನು ಮಾಲೀಕರ ಮುಂದೆ ಹೇಳುವವರು ಅಲ್ಲಿರಲಿಲ್ಲ. ಹೇಳಬೇಕಾದವನು ನಾನು. ಎದ್ದು ನಿಂತು, ಎರಡು ಸಲ ಗಂಟಲು ಸರಿಮಾಡಿಕೊಂಡು, ‘ಹಾಂ ಸಿಸ್ಟರ್, ಕೇಳ್ರಿಲ್ಲೆ’ ಅಂದಿದ್ದರೆ ಸಾಕಿತ್ತು. ಫೋನಿನ ಮಾತನ್ನು ನಂಬಿ ಔಷಧ ಕೊಡಬಾರದು ಎನ್ನುವುದಕ್ಕೆ ಬೇರೆ ಪುರಾವೆ ಬೇಕಾಗುತ್ತಿರಲಿಲ್ಲ. ಆದರೆ ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಬಾಯಲ್ಲಿ ಚೂಡಾ ಇತ್ತು. ಅಗಿದೆ. ಅದು ಹಿಟ್ಟಾಗಿ ಹೋದರೂ ಅಗಿಯುತ್ತಲೇ ಇದ್ದೆ. ಅಕ್ಕೋರು ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಿದ್ದರೆ ಎದ್ದೇಳುತ್ತಿದ್ದೆನೇನೋ ಎಂದು ಬಹಳ ದಿನ ಅವರ ಮೇಲೆಯೇ ತಪ್ಪು ಹೊರಿಸುತ್ತ ಓಡಾಡಿದೆ.

“ತಪ್ಪು ನಂದರಿ,” ಅಂದರು ಅಕ್ಕೋರು.

ಬೇಡಿಕೆ ಅಲ್ಲಿಗೆ ನಿಂತಿತು. ಅವರನ್ನು ಜೇವರ್ಗಿ ಶಾಖೆಗೆ ಹಾಕಿದರು. ಮೆಮೊ ತಗೊಂಡವಳು ಮುಂದೆ ನಿಂತರೆ ಸಂಘದ ಮಾತು ಹಗುರಾಗುತ್ತದೆ ಎಂದು ಅವರು ಕಾರ್ಯದರ್ಶಿ ಸ್ಥಾನವನ್ನೂ ಬಿಟ್ಟರು. ಆಮೇಲೆ ಬೇರೆ ಊರಿಗೆ ಹೋಗಿ ಸಹಿ ಕೇಳುವವರು ಯಾರೂ ಇರಲಿಲ್ಲ.

ಮೂರು ತಿಂಗಳಿಗೆ ನನ್ನ ನೌಕರಿ ಕಾಯಂ ಆಯಿತು. ಧೈರ್ಯವೂ ಅದೇ ಲಕೋಟೆಯಲ್ಲಿ ಬಂದಿತ್ತೆಂದು ಕಾಣುತ್ತದೆ. ಒಂದು ಹಾಳೆಯ ಮೇಲೆ ಎಲ್ಲ ಬರೆದೆ: ಫೋನ್ ಮಾಡಿದವನು ನಾನು, ಸಿಸ್ಟರ್ ತಪ್ಪಿಲ್ಲ. ತಾರೀಖು ಹಾಕುವಾಗ ಪೆನ್ನು ಸ್ವಲ್ಪ ನಿಂತಿತು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವನೆಂದು ಓದಿದವರು ಅಂದುಕೊಳ್ಳಬಾರದಲ್ಲ. ಫೋನ್ ಮಾಡಿದ ಆ ಸೋಮವಾರದ ತಾರೀಖನ್ನೇ ಹಾಕಿ, ಕೆಳಗೆ ಸಹಿ ಮಾಡಿ, ಜೇವರ್ಗಿ ಬಸ್ ಹತ್ತಿದೆ.

ಅಕ್ಕೋರು ಚಾರ್ಟ್ ತುಂಬುತ್ತಿದ್ದರು. ಹಾಳೆ ಇಸಿದುಕೊಂಡು, ಚಷ್ಮಾ ಏರಿಸಿ ಪೂರಾ ಓದಿದರು.

“ಯಾವಾಗ ಬರದಿ ಇದನ್ನ?”

“ನಿನ್ನಿ ಬರದೇನ್ರಿ ಅಕ್ಕೋರ.”

ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಅಂಗಿಯ ಕಿಸೆಗೆ ಇಟ್ಟರು.

“ಹಿಂದಿನ ತಾರೀಖು ಹಾಕಬ್ಯಾಡ್ರಿ ಅನ್ನೂದಕ್ಕ ಸಂಘಾ ಕಟ್ಟಿದ್ವಿ ತಮ್ಮಾ. ಇದನ್ನ ಒಯ್ದು ಸಾಹೇಬ್ರಿಗೆ ತೋರಸು. ದನಿ ಅಷ್ಟ ಅಲ್ಲ, ಈಗ ನಿನ್ನ ಸಹೀನೂ ಅವರಂಗ ಆಗ್ಯಾದ.”