ಕುಂಕುಮ ಹಚ್ಚಿಸಿಕೊಂಡ ಫ್ಲಾಪಿ

ಮೌಸ್ ಇಲ್ಲದ ಕಂಪ್ಯೂಟರ್ ಎಂದರೆ ಈಗಿನ ಮಕ್ಕಳು ನಗುತ್ತವೆ. ನಗಲಿ. ಆ ನೀಲಿ ಪರದೆ, ಬಾಣದ ಕೀಲಿಗಳು, ಟ್ಯಾಬ್ ಒತ್ತಿದರೆ ಎಡದಿಂದ ಬಲಕ್ಕೆ ಜಿಗಿಯುತ್ತಿದ್ದ ಮಿಣುಕು ಗೆರೆ, ಇವೆಲ್ಲ ನನಗೆ ಇವತ್ತಿಗೂ ತವರುಮನೆಯ ಹಾಗೆ ನೆನಪಾಗುತ್ತವೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜೇವರ್ಗಿಯಲ್ಲಿ ನಮ್ಮ ಯಜಮಾನರದೊಂದು ಪ್ರಿಂಟಿಂಗ್ ಪ್ರೆಸ್ಸು, ಅದರ ಹಿಂದೆಯೇ ಮನೆ. ಅಚ್ಚಿನ ಮೊಳೆ ಜೋಡಿಸುವ ಕಾಲ ಮುಗಿದು ಕಂಪ್ಯೂಟರ್ ಬಂದಾಗ ಅವರು ಹೆದರಿ ದೂರ ನಿಂತರು. ಅದರ ಮುಂದೆ ಕುಳಿತವಳು ನಾನು. ಅಫಜಲಪುರ, ಆಳಂದದ ಕಡೆಯಿಂದಲೂ ಲಗ್ನಪತ್ರಿಕೆಯ ಕೆಲಸ ಬರುತ್ತಿತ್ತು.

ನನಗೆ ಏನನ್ನಾದರೂ ಬಿಚ್ಚಿ ನೋಡುವ ಚಟ. ಆ ಚಟಕ್ಕೆ ತಕ್ಕಂತೆ ಸಿಕ್ಕಿದ್ದು ಹೆಕ್ಸ್ ಎಡಿಟರ್ ಎಂಬ ಪುಟ್ಟ ಪ್ರೋಗ್ರಾಂ. ಬೇರೆ ಯಾವುದರಲ್ಲೂ ತೆರೆಯದ ಫೈಲನ್ನು ಅದು ಒಳಗಿದ್ದಂತೆಯೇ ತೋರಿಸುತ್ತಿತ್ತು. ಎಡಕ್ಕೆ ಎರಡೆರಡು ಅಂಕಿಗಳ ಜೋಡಿಗಳು, ಬಲಕ್ಕೆ ಅವುಗಳ ಅಕ್ಷರರೂಪ. ನಮ್ಮ ಕನ್ನಡ ಫೈಲು ಅಲ್ಲಿ ಕನ್ನಡವಾಗಿ ಕಾಣುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಚುಕ್ಕಿ ಎಲ್ಲ ಕಲಸಿದ ಮಂಡಕ್ಕಿಯ ಸುಸಲಾ. ಆದರೆ ದಿನವಿಡೀ ಅವೇ ಕೀಲಿಗಳನ್ನು ಕುಟ್ಟಿದ ನನಗೆ ಅದನ್ನು ಓದಲು ಬರುತ್ತಿತ್ತು. 'ಇದೇನು ಮಾಟಾ ಮಂತ್ರಾನs ಬೇ?' ಎಂದು ಅತ್ತೆ ಕೇಳುತ್ತಿದ್ದರು.

ಅತ್ತೆಯೇ ನನಗೆ ಆ ಎಡಿಟರಿನ ದೊಡ್ಡ ಕೆಲಸ ತಂದುಕೊಟ್ಟವರು. ಮಹಾನವಮಿಯಲ್ಲಿ ಪ್ರೆಸ್ಸಿನ ಯಂತ್ರಗಳಿಗೆ ಪೂಜೆ ಮಾಡುವುದು ಮನೆಯ ರೂಢಿ. ಆ ವರ್ಷ ಅತ್ತೆ, ನಾನು ಫೈಲು ಉಳಿಸಿಡುತ್ತಿದ್ದ ಫ್ಲಾಪಿಗಳನ್ನೂ ಮಣೆಯ ಮೇಲೆ ಜೋಡಿಸಿ ವಿಭೂತಿ, ಕುಂಕುಮ ಹಚ್ಚಿದರು. ಆಗಿನ ದೊಡ್ಡ ಕಪ್ಪು ಫ್ಲಾಪಿಗೆ ಒಂದು ಕಡೆ ಉದ್ದನೆಯ ಕಿಂಡಿ, ಒಳಗಿನ ತಟ್ಟೆ ಅಲ್ಲಿ ಬರಿಮೈಯಲ್ಲಿ ಕಾಣುತ್ತದೆ. ಅಲ್ಲಿ ಬೆರಳು ತಾಗಿಸಬಾರದು. ಅತ್ತೆ ಒದ್ದೆ ಕುಂಕುಮವನ್ನು ಸರಿಯಾಗಿ ಅಲ್ಲಿಗೇ ಒತ್ತಿದ್ದರು. ಕೇಳಿದರೆ, 'ಹಣಿ ಬಿಟ್ಟು ಮತ್ತೆಲ್ಲಿ ಹಚ್ಚಬೇಕಿತ್ತು?' ಎಂದು ನನಗೇ ಗದರಿದರು.

ಲಗ್ನಪತ್ರಿಕೆಗಳಾದರೆ ಮತ್ತೆ ಟೈಪ್ ಮಾಡಬಹುದಿತ್ತು. ಹಾಳಾದವುಗಳಲ್ಲಿ ಇಜೇರಿಯ ಆಯಿಯ ಫ್ಲಾಪಿಯೂ ಇತ್ತು. ನಮ್ಮೂರ ಶಾಲೆಯಲ್ಲಿ ಕಲಿಸುವ ಅಕ್ಕೋರು ತಮ್ಮ ತಾಯಿಯ ಬೀಸುವ ಪದಗಳನ್ನು ಪುಸ್ತಕ ಮಾಡಿಸಬೇಕೆಂದು ಆ ಆಯಿಯನ್ನು ಇಜೇರಿಯಿಂದ ಕರೆತಂದಿದ್ದರು. ಅಕ್ಕೋರು ಶಾಲೆಗೆ ಹೋದರೆ ಆಯಿ ನನ್ನ ಪಕ್ಕ ಕೂರುತ್ತಿದ್ದರು. ಸುಮ್ಮನೆ ಹೇಳು ಎಂದರೆ ಅವರಿಗೆ ಪದ ಬರುತ್ತಿರಲಿಲ್ಲ. ಇಲ್ಲದ ಬೀಸುಕಲ್ಲಿನ ಗೂಟ ಹಿಡಿದು ಕೈ ತಿರುಗಿಸಿದರೆ ಮಾತ್ರ ಹಾಡು. ಹಾಡಿದ್ದನ್ನು ನಾನು ನೇರ ಟೈಪ್ ಮಾಡುತ್ತಿದ್ದೆ. ಒಮ್ಮೆ ಒಂದು ಪದ ಮುಗಿಸಿ, 'ಇದು ನನ್ನ ಸಣ್ಣ ಮಗಳ ಮ್ಯಾಲಿಂದು ಬೇ. ಆಕಿಗಿ ಈಗ ಹೇಳಬ್ಯಾಡ, ಪುಸ್ತಕದಾಗ ಓದ್ಲಿ' ಎಂದಿದ್ದರು. ಆ ಸಣ್ಣ ಮಗಳೇ ಅಕ್ಕೋರು. ಹಾಡುವುದು ಮುಗಿದು ಕೆಲವೇ ದಿನಕ್ಕೆ ಆಯಿಗೆ ಲಕ್ವಾ ಹೊಡೆಯಿತು. ಬಲಗೈಯೂ ಮಾತೂ ಹೋದವು.

ಫ್ಲಾಪಿ ತೆರೆಯುತ್ತಿಲ್ಲ ಎಂದಾಗ ಅಕ್ಕೋರು ಪೆಚ್ಚಾಗಿ ಕೂತರು. ಆ ಪದದ ವಿಷಯ ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ, ಹೇಳಿದೆ. ಅದರಲ್ಲಿ ಏನಿತ್ತು ಎಂದು ಕೇಳಿದರು. ನನಗೇನು ನೆನಪಿರುತ್ತದೆ? ಟೈಪ್ ಮಾಡುವಾಗ ಕಿವಿಗೆ ಬಿದ್ದದ್ದು ಕೈಗೆ ಇಳಿಯುತ್ತದೆ, ತಲೆಯಲ್ಲಿ ನಿಲ್ಲುವುದಿಲ್ಲ.

'ತಂಗಿ, ನಾ ಹುಟ್ಟಿದಾಗ ಯವ್ವ ಅನ್ನ ನೀರು ಬಿಟ್ಟು ಅತ್ತಾಳಂತ ಊರಾಗ ಎಲ್ಲಾರೂ ಹೇಳ್ತಾರ. ನಾಕನೇದೂ ಹೆಣ್ಣೇ ಬಂತಂತ. ನಾ ಆಕಿಗಿ ಎಂದೂ ಕೇಳಿಲ್ಲ. ಕೇಳಾಕ ಅಂಜಿಕಿ' ಎಂದರು. 'ಇನ್ನ ಕೇಳಿದ್ರೂ ಆಕಿ ಹೇಳಂಗಿಲ್ಲ. ಅದೊಂದು ಹಾಡು ತೆಗೆದುಕೊಡ್ರಿ.'

ಹತ್ತಿಯಲ್ಲಿ ಕುಂಕುಮ ಒರೆಸಿ ಫ್ಲಾಪಿ ಹಾಕಿದೆ. ಡ್ರೈವು ಕರ್ರ್ ಎಂದು ಗೋಳಾಡಿತು. ಬಂದಷ್ಟನ್ನು ಎಳೆದುಕೊಂಡು ಎಡಿಟರಿನಲ್ಲಿ ತೆರೆದೆ. ಇದು ಎಂಥ ಫೈಲು ಎಂದು ಕಂಪ್ಯೂಟರಿಗೆ ತಿಳಿಸುವ ಮೊದಲ ಅಂಕಿಗಳು, ಅಂದರೆ ಫೈಲಿನ ತಲೆಯೇ ಹಾರಿಹೋಗಿತ್ತು. ಕುಂಕುಮ ಹತ್ತಿದ ಕಡೆಯೆಲ್ಲ ಬರೀ ಸೊನ್ನೆಗಳು. ಅಫಜಲಪುರದ ಒಂದು ಲಗ್ನಪತ್ರಿಕೆಯ ಒಳ್ಳೆಯ ಫೈಲು ತೆಗೆದು, ಅದರ ತಲೆಯ ಅಂಕಿಗಳನ್ನು ನೋಡಿ ನೋಡಿ ಇದಕ್ಕೆ ಕುಟ್ಟಿದೆ. ಹುಡುಕುತ್ತ ಇಳಿದಾಗ 'ನಾಕನೇ' ಎಂಬ ಮಾತಿನ ಗುರುತಿನಿಂದ ಆ ಪದ ಸಿಕ್ಕಿತು. ಸುಸಲಾದಿಂದ ಒಂದೊಂದೇ ಅಕ್ಷರ ಹೆಕ್ಕಿ ಗಟ್ಟಿಯಾಗಿ ಓದಿದೆ:

ನಾಕನೇ ಹೆಣ್ಣಂತ ನೆರಿಯವರು ಬರಲಿಲ್ಲ
ಸಕ್ಕರಿ ಯಾರೂ ಹಂಚಲಿಲ್ಲ, ಬಾಣಂತಿ

ಮೂರನೆಯ ಸಾಲು ಪೂರ್ತಿ ಸೊನ್ನೆ. ನನಗೆ ಅಳುವೇ ಬಂತು. ಅತ್ತೆಯ ಮೇಲೆ ಬಂದ ಸಿಟ್ಟಂತೂ ಹೇಳತೀರದು.

'ಗೊತ್ತಾಯ್ತು ಬಿಡ್ರಿ. ಬಾಣಂತಿ ಕಣ್ಣೀರು ಸುರಿಸ್ಯಾಳ. ಅಷ್ಟೇ ಅದ' ಎಂದು ಅಕ್ಕೋರು ಎದ್ದರು. ನಾನು ಬಿಡಲಿಲ್ಲ. 'ಹಾಡಿದವ್ರು ಇನ್ನಾ ಇದ್ದಾರ, ಕರಕೊಂಡು ಬರ್ರಿ' ಎಂದೆ.

ಆಯಿ ಮಗಳ ಮನೆಯಲ್ಲೇ ಇದ್ದರು. ಮರುದಿನ ಬೆಳಿಗ್ಗೆ ಅಕ್ಕೋರು ತೋಳು ಹಿಡಿದು ಕರೆತಂದು ಕೂರಿಸಿದರು. ಅತ್ತೆಯೂ ಬಾಗಿಲಲ್ಲಿ ಬಂದು ನಿಂತರು. ನಾನು ಎರಡು ಸಾಲು ಓದಿದೆ. ಆಯಿಯ ಎಡಗೈ ತಾನಾಗಿ ಬೀಸುವಂತೆ ತಿರುಗತೊಡಗಿತು.

'ಬಾಣಂತಿ ಕಣ್ಣೀರು ಸುರಿಸ್ಯಾಳ. ಹೌದಿಲ್ಲೋ ಯವ್ವಾ?' ಎಂದರು ಅಕ್ಕೋರು, ಮುಖ ನೋಡದೆ.

ಆಯಿ ಸಿಟ್ಟಿನಿಂದ ಮೇಜು ಬಡಿದರು. ಆಮೇಲೆ ಕಳ್ಳರಂತೆ ಆ ಕಡೆ ಈ ಕಡೆ ನೋಡಿ, ಮೂರು ಬೆರಳಲ್ಲಿ ಏನನ್ನೋ ಚಿಟಿಕೆ ಹಿಡಿದು ತಮ್ಮ ಬಾಯಿಗೆ ಹಾಕಿಕೊಂಡು ಚಪ್ಪರಿಸಿದರು. ಸೊಟ್ಟಗಾದ ಬಾಯಲ್ಲೇ ನಕ್ಕರು.

'ಸಕ್ರಿ?' ಎಂದೆ ನಾನು. ಆಯಿ ಹೌದೆಂದು ಜೋರಾಗಿ ತಲೆಯಾಡಿಸಿದರು.

ಅಕ್ಕೋರು ತಾಯಿಯ ಕೈ ತಿರುಗುವ ಲಯಕ್ಕೆ ಮಾತು ಕೂಡಿಸುತ್ತ ಹೋದರು. ಒಂದು ಸಾಲಿಗೆ ಆಯಿ ಅಲ್ಲವೆಂದು ತಲೆ ಅಲ್ಲಾಡಿಸಿದರು, ಇನ್ನೊಂದಕ್ಕೂ ಹಾಗೆಯೇ. ಕೊನೆಗೆ ಅಕ್ಕೋರು, 'ಕದ್ದು ಸಕ್ಕರಿಯ ತಿಂದಾಳ' ಎಂದಾಗ ಇದೇ ಸಾಲು ಎಂಬಂತೆ ಆ ಕೈ ನಿಂತಿತು. ಸೊನ್ನೆಗಳ ಮೇಲೆ ನಾನು ಆ ಸಾಲನ್ನು ಕುಟ್ಟಿದೆ. ಉಳಿದ ಸೊನ್ನೆಗಳ ಜಾಗಕ್ಕೆ ಸ್ಪೇಸ್ ತುಂಬಿದೆ. ಅಕ್ಕೋರು ತಾಯಿಯ ಮಡಿಲಲ್ಲಿ ಮುಖ ಇಟ್ಟು ಅಳುತ್ತಿದ್ದರು.

ಬಾಗಿಲಲ್ಲಿದ್ದ ಅತ್ತೆ ಒಳಗೆ ಹೋದವರು ಸಕ್ಕರೆ ಡಬ್ಬಿ ಹಿಡಿದು ಬಂದರು. ಮೊದಲು ಆಯಿಯ ಬಾಯಿಗೆ, ಆಮೇಲೆ ನನ್ನ ಕೈಗೆ, ಪ್ರೆಸ್ಸಿನಲ್ಲಿದ್ದ ಗಿರಾಕಿಗಳಿಗೂ ಒಂದೊಂದು ಚಿಟಿಕೆ ಹಂಚುತ್ತ ನಡೆದರು. ಏನು ವಿಶೇಷ ಎಂದು ಯಾರೋ ಕೇಳಿದರು.

'ತಗೋರಿ, ಹೆಣ್ಣು ಹುಟ್ಟ್ಯಾದ' ಎಂದರು ಅತ್ತೆ.