ಸರದಿಯಲ್ಲಿ ಕೂತವರ ಪಾದಗಳು

ತೈಫೂರಣ್ಣ ನಮ್ಮ ಕಸ್ಸಲಾ ಊರಿನಲ್ಲಿ ಮರ್ಕೂಬ್ ಎಂಬ ಚರ್ಮದ ಜೋಡು ಹೊಲಿಯುತ್ತಿದ್ದರು. ಆರೋಗ್ಯ ಕೇಂದ್ರದ ಗೇಟಿನೆದುರು ಒಂದು ಬೇವಿನ ಮರವಿದೆ. ಅದರ ಒಂದು ಪಕ್ಕ ನನ್ನ ಚಹಾದ ಒಲೆ, ಇನ್ನೊಂದು ಪಕ್ಕ ಅವರ ಚರ್ಮ, ಉಳಿ, ಮೇಣ ತಿಕ್ಕಿದ ದಾರ. ಮಾತು ಕಡಿಮೆಯ ಮನುಷ್ಯ, ಸ್ವಲ್ಪ ಮುಂಗೋಪಿ. ಜೋಡು ಬಿಗಿ ಅಂತ ಯಾರಾದರೂ ದೂರಿದರೆ, ಚರ್ಮ ನಿನ್ನ ಕಾಲಿಗೆ ಒಗ್ಗುವವರೆಗೆ ನೀನೇ ಅದಕ್ಕೆ ಒಗ್ಗಿಕೋ ಎಂದು ಗದರಿ ಕಳಿಸುತ್ತಿದ್ದರು.

ಸಕ್ಕರೆ ಕಾಯಿಲೆ ಅವರಿಗೆ ಬಹಳ ಹಳೆಯದು. ಮೊದಲೆಲ್ಲ ಮಂಗಳವಾರ ಸಕ್ಕರೆಯವರ ದಿನವೆಂದರೆ ಅದೊಂದು ನೆಮ್ಮದಿಯ ದಿನ. ತೂಕ ನೋಡುತ್ತಿದ್ದರು, ರಕ್ತದೊತ್ತಡ ನೋಡುತ್ತಿದ್ದರು, ಜೋಡು ಬಿಚ್ಚಿಸಿ ಪಾದ ತಿರುಗಿಸಿ ನೋಡುತ್ತಿದ್ದರು. ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರು ಬರುತ್ತಿದ್ದರು. ಯುದ್ಧ ಶುರುವಾದ ಮೇಲೆ ಪಡುವಣದಿಂದ ಜನ ಬಂದರು, ಬರುತ್ತಲೇ ಇದ್ದರು. ಶಾಲೆಗಳ ತುಂಬ ಸಂಸಾರಗಳು. ಕೇಂದ್ರದಲ್ಲಿ ಉಳಿದದ್ದು ಒಬ್ಬ ಡಾಕ್ಟರು, ಜೊತೆಗೆ ಸಿಸ್ಟರ್ ಇಖ್ಲಾಸ್. ಆಮೇಲೆ ಜ್ವರದ ಕಾಲ ಬಂತು. ಜ್ವರದವರನ್ನು ವರಾಂಡದಲ್ಲೇ ಮಲಗಿಸಿ, ಗೇಟಿನ ಸಲಾಕೆಗೆ ಗ್ಲೂಕೋಸ್ ಬಾಟಲಿ ಕಟ್ಟುವ ಪರಿಸ್ಥಿತಿ. ನಿಂತುಕೊಂಡೇ ಇರಬಲ್ಲ ಸಕ್ಕರೆಯವರನ್ನು ಯಾರು ಕೇಳುತ್ತಾರೆ? ಸಕ್ಕರೆ ಪರೀಕ್ಷೆಯ ಪಟ್ಟಿ ಇದ್ದ ವಾರ ಬೆರಳು ಚುಚ್ಚಿ ನೋಡುತ್ತಿದ್ದರು, ಇಲ್ಲದ ವಾರ ಅದೇ ಹಳೇ ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ಅದಕ್ಕೂ ನಸುಕಿನ ನಮಾಜಿಗೆ ಮುಂಚೆ ಬಂದು ಸಾಲು ಹಿಡಿಯಬೇಕು. ಇಖ್ಲಾಸ್ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಆ ಹುಡುಗಿ ನಿಂತಲ್ಲೇ ತೂಕಡಿಸುವುದನ್ನು ನಾವೇ ಕಂಡಿದ್ದೆವು.

ತೈಫೂರಣ್ಣ ಒಂದು ಮಂಗಳವಾರವನ್ನೂ ತಪ್ಪಿಸಲಿಲ್ಲ. ಅವರ ಕೆಲಸದ ಮಣೆಯಿಂದ ಬಿದ್ದ ಒಂದು ಚಿಕ್ಕ ಮೊಳೆ ಯಾವಾಗಲೋ ಅವರದೇ ಜೋಡಿನ ಅಡಿಯಿಂದ ತೂರಿ ಪಾದಕ್ಕೆ ಹೊಕ್ಕಿತ್ತು. ಸಕ್ಕರೆಯಿಂದ ಪಾದ ಜೋಮು ಹಿಡಿದಿತ್ತು, ಅವರಿಗೆ ಗೊತ್ತೇ ಆಗಲಿಲ್ಲ. ಎಷ್ಟು ದಿನ ಅದರ ಮೇಲೆ ನಡೆದರೋ ದೇವರೇ ಬಲ್ಲ. ಒಂದು ಬೆಳಿಗ್ಗೆ ಚಾಪೆಯ ಮೇಲೆ ಕಲೆ ಕಂಡು, ಮೊದಲು ನೋಡಿದ್ದು ಅವರ ಹೆಂಡತಿ ಬತೂಲ್. ದೊಡ್ಡಾಸ್ಪತ್ರೆಗೆ ಒಯ್ಯುವ ಹೊತ್ತಿಗೆ ಪಾದ ಕಪ್ಪಾಗಿತ್ತು. ಎಡಪಾದದ ಮುಂಭಾಗವನ್ನು ಬೆರಳುಗಳ ಸಮೇತ ತೆಗೆದರು.

ಎರಡು ತಿಂಗಳು ಮರದ ಆ ಪಕ್ಕ ಖಾಲಿಯಿತ್ತು. ವಾಪಸು ಬಂದಾಗ ಕಾಲಿನಲ್ಲಿ ತಾವೇ ಹೊಲಿದುಕೊಂಡ ಮೋಟು ಮರ್ಕೂಬ್, ಒಳಗೆ ಕುರಿತುಪ್ಪಟದ ಮೆತ್ತೆ. ನಾನು ಅಳು ತಡೆದುಕೊಂಡು ಚಹಾ ಕೊಟ್ಟೆ. ಅವರು ಅದನ್ನು ಮುಟ್ಟದೆ ಸಾಲನ್ನೇ ನೋಡುತ್ತಿದ್ದರು. ಆಮೇಲೆ ಊರುಗೋಲು ಹಿಡಿದು ಎದ್ದು ಇಖ್ಲಾಸ್ ಹತ್ತಿರ ಹೋದರು.

"ಮಗಳೇ, ಇವ್ರು ಹೇಗೂ ಸುಮ್ನೆ ಕೂತಿರ್ತಾರೆ. ನಿಮ್ಗೆ ಜೋಡು ಬಿಚ್ಸೋಕೆ ಪುರಸೊತ್ತಿಲ್ಲ. ನಾನು ಬಿಚ್ಸಿ ನೋಡ್ತೀನಿ. ಗಾಯ ಕಂಡ್ರೆ ನಿನ್ಹತ್ರ ಕಳಿಸ್ತೀನಿ, ಅಷ್ಟೇ."

ಇಖ್ಲಾಸ್ ಒಪ್ಪಿದಳು. ಬೆರಳ ಸಂದಿಯಲ್ಲಿ ಏನು ನೋಡಬೇಕು, ಹಿಮ್ಮಡಿ ಬಿರುಕಿನಲ್ಲಿ ಏನು ನೋಡಬೇಕು ಎಂದು ಕಲಿಸಿದಳು. ನೈಲಾನ್ ದಾರದ ತುಂಡೊಂದನ್ನು ಕೊಟ್ಟು, ಕಣ್ಣು ಮುಚ್ಚಿಸಿ ಅದನ್ನು ಪಾದಕ್ಕೆ ಒತ್ತಿ ತಿಳಿಯಿತೇ ಎಂದು ಕೇಳುವುದನ್ನು ತೋರಿಸಿಕೊಟ್ಟಳು. ಅವರಿಗೆ ಎರಡೆರಡು ಸಲ ತಪ್ಪಿತು, ಗದರಿದಳು, ಮತ್ತೆ ಹೇಳಿಕೊಟ್ಟಳು.

ಬತೂಲಕ್ಕನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ನನ್ನ ಒಲೆಯ ಪಕ್ಕ ನಿಂತು ಎಲ್ಲರಿಗೂ ಕೇಳುವಂತೆ ಅಂದಳು: "ಊರಿನ ಕೊಳಕು ಕಾಲೆಲ್ಲ ನಿಮ್ಮ ಮಡಿಲಿಗೇ ಬರ್ಬೇಕಾ? ಇರೋ ಒಂದೂವರೆ ಕಾಲು ನೋಡ್ಕೊಳ್ಳಿ, ಸಾಕು."

ಅವರು ಮುಂದಿನವನ ಜೋಡು ಬಿಚ್ಚಿಸಿದರು. ಆದರೆ ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಗಂಡಸಿಗೆ ಪಾದ ತೋರಿಸುವುದುಂಟೆ? ಮೈಗೆ ಸುತ್ತಿಕೊಂಡ ತೋಬಿನ ಅಂಚನ್ನು ಪಾದದ ಮೇಲೆ ಎಳೆದುಕೊಂಡು ಕೂತೇ ಇದ್ದರು. ಮೂರ್ನಾಲ್ಕು ವಾರ ಬತೂಲಕ್ಕ ದೂರದಿಂದ ಇದನ್ನು ನೋಡಿದಳು. ಆಮೇಲೆ ಒಂದು ಮಂಗಳವಾರ ಯಾರಿಗೂ ಹೇಳದೆ, ನನ್ನ ಒಲೆಯ ಹಿಂದೆ ಗೋಣಿಯ ಪರದೆ ಕಟ್ಟಿ, ಗಂಡನ ಕೈಯಲ್ಲಿದ್ದ ನೈಲಾನ್ ದಾರದಲ್ಲಿ ಅರ್ಧ ಕತ್ತರಿಸಿಕೊಂಡು ಹೋಗಿ ಹೆಂಗಸರ ಪಾದ ನೋಡತೊಡಗಿದಳು. ಮೊದಲ ದಿನವೇ ಮಕ್ಕಳ ತಾಯಿಯೊಬ್ಬಳ ಹಿಮ್ಮಡಿಯಲ್ಲಿ ಕೀವು ಕಂಡಳು. ಆಕೆಯನ್ನು ತೋಳು ಹಿಡಿದು ಸಾಲು ಸೀಳಿಕೊಂಡು ಇಖ್ಲಾಸ್ ಬಳಿಗೆ ಒಯ್ದಾಗ ಯಾರೂ ಸರದಿ ತಪ್ಪಿತೆಂದು ಜಗಳ ತೆಗೆಯಲಿಲ್ಲ.

ಓಶೇಕ್ ಬಂದದ್ದು ಆಮೇಲೆ. ಹೊಳೆಯಾಚೆಯ ಒಂಟೆ ವ್ಯಾಪಾರಿ, ಬೆಟ್ಟದವರ ಪೈಕಿ. ಕತ್ತಿ ಸಿಕ್ಕಿಸಿಕೊಂಡು ಸರದಿಯಲ್ಲೂ ರಾಜನ ಹಾಗೆ ಕೂರುತ್ತಿದ್ದ. ಜೋಡು ಬಿಚ್ಚು ಎಂದಾಗ ತೈಫೂರಣ್ಣನನ್ನು ಮೇಲಿಂದ ಕೆಳಗೆ ನೋಡಿದ.

"ನಾನು ಔಷಧಿಗೆ ಬಂದೋನು, ಜೋಡಿಗಲ್ಲ. ಗಿರಾಕಿ ಬೇಕಿದ್ರೆ ಬೇರೆ ಕಡೆ ನೋಡ್ಕೋ."

ತೈಫೂರಣ್ಣ ತಮ್ಮ ಮೋಟು ಮರ್ಕೂಬ್ ಕಳಚಿ ತೋರಿಸಿದರು. ಓಶೇಕ್ ಮುಖ ತಿರುಗಿಸಿಕೊಂಡ. ಮುಂದಿನ ವಾರ ಅವನು ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಆ ದಿನ ಅವನು ಎದ್ದು ಹೋಗುವಾಗ ಕುಂಟುತ್ತಿದ್ದ, ಅದು ಅವನಿಗೇ ಗೊತ್ತಿರಲಿಲ್ಲ ಎಂದು ತೈಫೂರಣ್ಣ ನನಗೆ ಹೇಳಿದರು. ಮಾರನೆಯ ದಿನ ಊರುಗೋಲು ಊರಿಕೊಂಡು ಗಾಶ್ ಹೊಳೆಯ ಒಣ ಮರಳಿಗೆ ಇಳಿದರು. ಜೊತೆಗೆ ನಾನು ಹೋದೆ, ಬಿದ್ದುಗಿದ್ದರೆ ಎಂದು.

ಓಶೇಕ್ ಗುಡಿಸಲಿನಲ್ಲಿ ಮಲಗಿದ್ದ. ಮೈ ಸುಡುತ್ತಿದ್ದರೂ ಎದ್ದು ಕೂತ. ಅತಿಥಿ ಬಂದರೆ ಕಾಫಿ ಕೊಡದೆ ಬಿಡುವ ಜನವಲ್ಲ ಅವರು. ಅವನ ಮಗಳು ಬೀಜ ಹುರಿದು, ಶುಂಠಿ ಹಾಕಿ ಕುಟ್ಟಿ, ಕಾಯಿಸಿ, ಪುಟ್ಟ ಬಟ್ಟಲಿಗೆ ಬಗ್ಗಿಸುವವರೆಗೆ ಇಬ್ಬರೂ ಒಂಟೆಯ ಮಾತಾಡಿದರು, ಮಳೆಯ ಮಾತಾಡಿದರು. ಬಟ್ಟಲು ಮುಂದೆ ಬಂದಾಗ ತೈಫೂರಣ್ಣ ಕೈ ಚಾಚಲಿಲ್ಲ.

"ಕುಡಿಯೋಲ್ಲ," ಅಂದರು.

ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಓಶೇಕನ ದವಡೆ ಬಿಗಿಯಿತು. "ನನ್ನ ಮನೇಲಿ ಕೂತು ನನ್ನ ಕಾಫಿ ಬೇಡ ಅಂತೀಯಾ?"

"ಕಾಲು ತೋರ್ಸು, ಕುಡೀತೀನಿ. ತೋರ್ಸಲ್ಲ ಅಂದ್ರೆ ಎದ್ದು ಹೋಗ್ತೀನಿ. ಊರೆಲ್ಲ ಕೇಳ್ಲಿ, ತೈಫೂರ್ ಓಶೇಕನ ಮನೆ ಕಾಫಿ ಬಿಟ್ಟು ಬಂದ ಅಂತ."

ಮಗಳು ಬಟ್ಟಲು ಹಿಡಿದೇ ನಿಂತಿದ್ದಳು. ಕೊನೆಗೆ ಓಶೇಕ್ ಹೊದಿಕೆ ಸರಿಸಿದ. ಕಿರುಬೆರಳು ಊದಿ ನೇರಳೆಯಾಗಿತ್ತು. ತೈಫೂರಣ್ಣ ಆ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ಎಲ್ಲ ಕಡೆ ನೋಡಿದರು, ನಂತರ ಕಾಫಿ ಕುಡಿದರು, ಪದ್ಧತಿಯಂತೆ ಮೂರು ಬಟ್ಟಲು. ಸಂಜೆಯೊಳಗೆ ಓಶೇಕನನ್ನು ಕತ್ತೆಗಾಡಿಯಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಒಂದು ಬೆರಳು ಹೋಯಿತು, ಕಾಲು ಉಳಿಯಿತು.

ಆ ಚಳಿಗಾಲದಲ್ಲಿ ತೈಫೂರಣ್ಣ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯತೊಡಗಿದರು. ವಯಸ್ಸಾಯಿತು ಎಂದು ನಕ್ಕುಬಿಟ್ಟರು. ಆಮೇಲೆ ಪಾದ ನೋಡುವಾಗಲೂ ತೀರ ಬಗ್ಗಿ, ಬೆರಳಿನಿಂದ ತಡವಿ ನೋಡುತ್ತಿದ್ದರು. ಕಣ್ಣಿನ ಮುಂದೆ ಕಪ್ಪು ಜೇಡರಬಲೆ ತೇಲುತ್ತದೆ ಎಂದು ಬತೂಲಕ್ಕನಿಗೆ ಮಾತ್ರ ಹೇಳಿದ್ದರಂತೆ. ಇಖ್ಲಾಸ್ ಎಲ್ಲೆಲ್ಲಿಗೋ ಫೋನ್ ಮಾಡಿದಳು. ನಮ್ಮ ಕಡೆ ಕಣ್ಣಿನ ಡಾಕ್ಟರು ಯಾರೂ ಉಳಿದಿರಲಿಲ್ಲ. ಬೇಸಿಗೆ ಕಳೆದ ಮೇಲೆ ಬಂದರು ಒಬ್ಬರು, ಒಂದು ವಾರದ ಮಟ್ಟಿಗೆ, ಶಾಲೆಯ ಕೋಣೆಯಲ್ಲಿ. ಸಣ್ಣ ವಯಸ್ಸಿನ ಹೆಣ್ಣುಮಗಳು. ದೀಪ ಹಾಕಿ ನೋಡಿದಳು. ಒಂದು ಕಣ್ಣು ಮುಗಿದಿದೆ, ಇನ್ನೊಂದನ್ನು ಇದ್ದಷ್ಟಕ್ಕೆ ಉಳಿಸಲು ನೋಡುತ್ತೇನೆ ಎಂದಳು.

"ಒಂದು ವರ್ಷ ಮುಂಚೆ ಬಂದಿದ್ರೆ, ಮಾಮ," ಎಂದು ಮೆಲ್ಲಗೆ ಅಂದಳು.

"ಬಂದಿದ್ದೆ ತಾಯಿ. ಸಾಲಲ್ಲೇ ಇದ್ದೆ," ಎಂದರು ತೈಫೂರಣ್ಣ. ಕೋಪದಿಂದ ಅನ್ನಲಿಲ್ಲ. ಆ ಹೆಣ್ಣುಮಗಳು ತಲೆ ತಗ್ಗಿಸಿಕೊಂಡು ಅವರ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು.

ಆಮೇಲೆ ಮರ್ಕೂಬ್ ಹೊಲಿಯುವುದು ನಿಂತಿತು. ಮಂಗಳವಾರ ಮಾತ್ರ ಬತೂಲಕ್ಕನ ಭುಜ ಹಿಡಿದು ಬರುತ್ತಿದ್ದರು, ಬೆರಳಿನಿಂದಲೇ ನೋಡುತ್ತಿದ್ದರು. ಕಾವು ಹೆಚ್ಚಿರುವ ಜಾಗ ಕೈಗೆ ತಿಳಿಯುತ್ತಿತ್ತು. ಒಮ್ಮೊಮ್ಮೆ ತಪ್ಪುತ್ತಿತ್ತು ಕೂಡ. ಅಂಥ ದಿನ ಮನೆಗೆ ಹೋಗಿ ಊಟ ಮಾಡುತ್ತಿರಲಿಲ್ಲವಂತೆ. ಮುಂದಿನ ರಂಜಾನ್ ಹೊತ್ತಿಗೆ ಮೂತ್ರಪಿಂಡ ಸೋತಿತು. ರಕ್ತ ಶುದ್ಧಿ ಮಾಡುವ ಯಂತ್ರಕ್ಕೂ ಸರದಿಯೇ. ಅವರ ಸರದಿ ಬರುವುದರೊಳಗೆ ತೀರಿಕೊಂಡರು. ಜನಾಜ ಎತ್ತುವಾಗ ಮುಂದಿನ ಹೆಗಲು ಕೊಟ್ಟವರಲ್ಲಿ ಓಶೇಕ್ ಒಬ್ಬ.

ಗಂಡ ತೀರಿಕೊಂಡ ಹೆಂಗಸು ಮನೆಯೊಳಗೇ ಕಳೆಯಬೇಕಾದ ಇದ್ದತ್ ತಿಂಗಳುಗಳನ್ನು ಮುಗಿಸಿಕೊಂಡು ಬತೂಲಕ್ಕ ಮತ್ತೆ ಪರದೆಯ ಹಿಂದೆ ಬಂದು ಕೂತಿದ್ದಾಳೆ. ಗಂಡಸರ ಕಡೆ ಕೂರಲು ಯಾರೂ ಇಲ್ಲ. ಕಾಯುವ ಹೊತ್ತಿನಲ್ಲಿ ಒಬ್ಬರ ಪಾದ ಒಬ್ಬರು ನೋಡಿಕೊಳ್ಳಿ ಎಂದು ಇಖ್ಲಾಸ್ ಕಿಟಕಿಯಿಂದ ಕೂಗುತ್ತಾಳೆ. ಕೆಲವರು ಜೋಡು ಬಿಚ್ಚಿ ಪಕ್ಕದವನ ಕಡೆ ಕಾಲು ಚಾಚುತ್ತಾರೆ. ಕೆಲವರು ಕೇಳಿಸದವರಂತೆ ನನ್ನ ಕಡೆ ತಿರುಗಿ ಚಹಾ ಕೇಳುತ್ತಾರೆ. ನಾನು ಸಕ್ಕರೆಯಿಲ್ಲದ ಚಹಾ ಕೊಟ್ಟು, ಅವರ ಕಾಲಿನ ಕಡೆ ನೋಡುತ್ತೇನೆ.