ಹರಿದ ಕಿವಿಯ ಮಂಗ ಆಕಳಿಸಿದ ದಿನಗಳು

ಶ್ರಾವಣದ ಒಂದು ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಹಸಿ ಹೆಸರುಕಾಯಿ ಮಾಳಿಗಿ ಮೇಲೆ ಹರವಿದ್ದೆ. ನಾಲ್ಕು ವರ್ಷದ ಮಗಳು ನನ್ನ ಬೆನ್ನ ಹಿಂದೆ ಕೂತು ಕಾಯಿ ಸುಲಿದು ತಿನ್ನುತ್ತಿದ್ದಳು. ಮಂಗಗಳು ಬಂದದ್ದು ನನಗೆ ತಿಳಿದದ್ದು ಆಕಿ ಚೀರಿದಾಗಲೇ. ಎಡಗಿವಿ ಹರಿದ ಒಂದು ಹೆಣ್ಣು ಮಂಗ ಆಕಿಯ ಕೈಯೊಳಗಿನ ಕಾಯಿ ಹಿಡಿದು ಜಗ್ಗುತ್ತಿತ್ತು. ಇಕಿ ಬಿಡಲಿಲ್ಲ. ಅದು ಮೊಣಕೈ ಕೆಳಗೆ ಕಚ್ಚಿ, ಕಾಯಿಯನ್ನೂ ಅಲ್ಲೇ ಬಿಟ್ಟು ಜಿಗಿದು ಹೋಯಿತು.

ರಕ್ತ ಬಹಳ ಬರಲಿಲ್ಲ. ಅಷ್ಟು ದೇವರು ನೋಡಿದ ಅಂದುಕೊಂಡೆ. ನಮ್ಮ ಅತ್ತಿ ಕೊಡ ಕೊಡ ನೀರು ಸುರಿದು ತೊಳೆದರು, ಆಮೇಲೆ ಆಗಿನ ರೂಢಿಯಂತೆ ಕೆಂಪು ಖಾರ ಮೆತ್ತಿದರು. ಕೂಸು ಅತ್ತು ಅತ್ತು ನಿದ್ದೆಹೋಯಿತು.

ಆಗ ಓಣಿಯ ಮುದುಕಿಯೊಬ್ಬಳು ಬಂದು ಕಟ್ಟೆಯ ಮೇಲೆ ಕೂತಳು. ಹಳ್ಳದ ದಂಡೆಗೆ ಈಚೆಗೆ ಒಂದು ಹುಚ್ಚುನಾಯಿ ತಿರುಗಿತ್ತಂತೆ, ಕರುವಿಗೂ ಕುರಿಗೂ ಬಾಯಿ ಹಾಕಿತ್ತಂತೆ, ಮಂಗನಿಗೆ ಕಚ್ಚಿಲ್ಲ ಅಂತ ಯಾರು ಕಂಡಾರ ಅಂದಳು. ತನ್ನ ತಮ್ಮ ನಾಯಿ ಕಚ್ಚಿ ಸತ್ತದ್ದನ್ನು ಹೇಳಹತ್ತಿದಳು. ನೀರಿನ ತಂಬಿಗಿ ಕಂಡರೆ ಅವನ ಗಂಟಲು ಹೇಗೆ ಬಿಗಿಯುತ್ತಿತ್ತು ಅನ್ನುವುದನ್ನು ಮಾಡಿ ತೋರಿಸಿದಳು. ಅತ್ತಿ ಆಕಿಯ ಬಾಯಿ ತುಂಬಲೆಂದು ಎಲಿ ಅಡಿಕಿ ಕೊಟ್ಟರು. ಎಲಿ ಜಗಿಯುತ್ತಲೇ ಹೇಳಿದಳು.

ಪಕ್ಕದ ಮನೆಯವರ ಬಂಡಿ ಹೂಡಿಸಿಕೊಂಡು ಕೂಸಿನೊಂದಿಗೆ ಜೇವರ್ಗಿಗೆ ಹೋದೆ. ದವಾಖಾನಿಯ ಕಂಪೌಂಡರು ಗಾಯ ನೋಡಿ ಖಾರ ತೊಳೆದು ತೆಗೆದರು. ಹುಚ್ಚಿಗೆ ಹಾಕುವ ಸೂಜಿ ತಮ್ಮಲ್ಲಿಲ್ಲ, ಹೊಳಿ ದಾಟಿ ಕಲಬುರ್ಗಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಹೈದರಾಬಾದಿಗೆ ಒಯ್ಯಬೇಕು ಅಂದರು. ಭೀಮಾ ಹೊಳಿ ತುಂಬಿ ದೋಣಿ ನಿಂತಿತ್ತು. ಎತ್ತು ನೋಡಲೆಂದು ನನ್ನ ತವರು ನಿಂಬರ್ಗಾಕ್ಕೆ ಹೋದ ಮನೆಯವರೂ ಆಚೆ ದಂಡೆಯಲ್ಲೇ ಉಳಿದಿದ್ದರು.

ಕಂಪೌಂಡರು ದನಿ ಇಳಿಸಿ ಅಂದರು, "ತಾಯಿ, ಕಚ್ಚಿದ ಜಾನವಾರದ ಮ್ಯಾಲ ಕಣ್ಣಿಡ್ರಿ. ಹುಚ್ಚು ಹತ್ತಿದ್ದು ತನ್ನವರ ಸಂಗಟ ಕೂಡಂಗಿಲ್ಲ, ಬರೋ ಅಮಾಸಿತನಾ ಬದುಕಂಗಿಲ್ಲ. ಅದು ಆರಾಮಿದ್ರ ನಿಮ್ಮ ಕೂಸೂ ಆರಾಮ. ಕೆಟ್ಟದ್ದು ಕಂಡ್ರ ಮಾತ್ರ, ಹೊಳಿ ಇಳಿದ ಗಳಿಗೀಗೇ ದಾಟ್ರಿ."

ಈಗ ಯಾರಿಗಾದರೂ ಹೀಗಾದರೆ ಮಂಗನ ಮುಖ ನೋಡುತ್ತ ಕೂಡಬಾರದು, ಅದೇ ದಿನ ಸೂಜಿ ಹಾಕಿಸಬೇಕು. ನಮಗೆ ಆಗ ಇದ್ದದ್ದು ಮಂಗನ ಮುಖ ಒಂದೇ.

ಬಂಡಿ ಊರ ಅಗಸಿ ಬಾಗಿಲು ಹೊಗುವಾಗ ತಗಡು ಬಡಿಯುವ ಸಪ್ಪಳ ಕೇಳಿತು. ಓಣಿಯ ಗಂಡಸರು ಕವಣಿ, ಬಡಿಗಿ ಹಿಡಿದು ಮಂಗಗಳನ್ನು ಊರು ಬಿಡಿಸುತ್ತಿದ್ದರು. ನನ್ನ ಮಗಳ ಮೇಲಿನ ಅಕ್ಕರೆಯಿಂದಲೇ ಮಾಡುತ್ತಿದ್ದರು, ಪಾಪ. ನಾನು ಬಂಡಿಯಿಂದ ಇಳಿದು ಓಡಿದೆ. ಗಂಡಸರ ಮುಂದೆ ಅಂದಿನವರೆಗೆ ಬಾಯಿ ತೆರೆದವಳಲ್ಲ.

"ಅಣ್ಣಗೋಳ್ರಾ, ನಿಮ್ಮ ಕಾಲಿಗಿ ಬೀಳ್ತೇನಿ, ಓಡಸಬ್ಯಾಡ್ರಿ. ಅವು ಹೋದ್ರ ನನ್ನ ಕೂಸಿನ ಗತಿ ನನಗ ತಿಳಿಯಂಗಿಲ್ಲ."

ಒಬ್ಬ ನಕ್ಕ. "ಮಗಳಿಗಿ ಕಚ್ಚಿದ ಮಂಗ್ಯಾಗ ಹೋಳಗಿ ಉಣಸ್ತಿ ಏನ್ ಬೇ ತಂಗಿ?" ಕಾರಣ ಹೇಳಿದ ಮೇಲೆ ಅವನೇ ಮೊದಲು ಕವಣಿ ಕೆಳಗಿಟ್ಟ. ಅಷ್ಟರಲ್ಲಿ ಹಿಂಡು ಹಳ್ಳದ ಕಡೆ ಹೋಗಿಬಿಟ್ಟಿತ್ತು.

ಅತ್ತಿ ಬಿಗಿ ಹೆಂಗಸು. ಮದುವೆಯಾಗಿ ಬಂದಾಗಿನಿಂದ ಅವರ ಕಣ್ಣಿಗೆ ಕಣ್ಣು ಕೂಡಿಸಿ ಮಾತಾಡಿದ್ದಿಲ್ಲ. ಓಡಿಹೋಗಿ ಗಂಡಸರ ಎದುರು ಕೂಗಿದ್ದಕ್ಕೆ ಬೈಗುಳ ಬೀಳುತ್ತದೆ ಅಂದುಕೊಂಡಿದ್ದೆ. ಮರುದಿನ ಅವರು ಪೂಜಿ ಮುಗಿಸಿದವರೇ ಬುಟ್ಟಿಗೆ ಕಟಿರೊಟ್ಟಿ, ಶೇಂಗಾ ತುಂಬಿ, ಕೂಸನ್ನು ಕಂಕುಳಿಗೆ ಎತ್ತಿಕೊಂಡು, "ನಡಿ" ಅಂದರು. ನನಗೆ ಅದೊಂದೇ ಶಬ್ದ ಸಾಕಾಯಿತು.

ಹಳ್ಳದ ಹತ್ತಿರ ಹಣಮಪ್ಪನ ಗುಡಿ, ಅದರ ಮುಂದೆ ದೊಡ್ಡ ಹುಣಸಿಗಿಡ. ಕಟ್ಟೆಯ ಮೇಲೆ ರೊಟ್ಟಿ ಮುರಿದು ಹಾಕಿ ದೂರ ಕೂತೆವು. ಹಿಂಡು ಇಳಿಯಿತು. ಹರಿದ ಕಿವಿಯದೂ ಇಳಿಯಿತು, ಆದರೆ ತಿನ್ನಲಿಲ್ಲ. ಎಲ್ಲರಿಂದ ಸರಿದು ಗೋಡೆಗೆ ಆತು ಕೂತು ಬಾಯಿ ತೆರೆದು ಆಕಳಿಸಿತು. ಮುಚ್ಚಿತು, ಮತ್ತೆ ಆಕಳಿಸಿತು.

"ಬಾಯಿ ಮುಚ್ಚವಲ್ದು," ಅಂದರು ಅತ್ತಿ. ಅವರ ದನಿಯೂ ನಡುಗಿದ್ದನ್ನು ಅಂದೇ ಕೇಳಿದ್ದು. ಹಣಮಪ್ಪಾ, ನಿನ್ನ ಬಳಗಕ್ಕೂ ಹುಚ್ಚು ಹತ್ತುತ್ತದೇನಪ್ಪಾ ಎಂದು ಗುಡಿಯ ಕಡೆ ನೋಡಿದೆ. ಕಲ್ಲಿನ ದೇವರು ಕಲ್ಲಿನಂತೆಯೇ ಇದ್ದ.

ಆಗ ಹಿಂಡಿನ ಒಂದು ಮುದಿ ಹೆಣ್ಣು ತಿನ್ನುವುದನ್ನು ಬಿಟ್ಟು ಎದ್ದು ಹೋಗಿ, ಹರಿದ ಕಿವಿಯದರ ಮಗ್ಗುಲಿಗೆ ಕೂತು ಹೇನು ನೋಡಹತ್ತಿತು. ಹರಿದ ಕಿವಿಯದು ಆಕಳಿಸಿತು. ಸ್ವಲ್ಪ ಹೊತ್ತಿಗೆ ಮುದಿಯೂ ಆಕಳಿಸಿತು. ಅದನ್ನು ನೋಡುತ್ತಲೇ ನನಗೂ ಬಂತು, ನನ್ನಿಂದ ಅತ್ತಿಗೆ. ಅತ್ತಿ ಬಾಯಿ ಮುಂದೆ ಚಿಟಿಕಿ ಹೊಡೆದು "ಶಿವಾ ಶಿವಾ" ಅಂದರು. ಕೂಸು ಅವರನ್ನು ನೋಡಿ ತಾನೂ ಆಕಳಿಸಿ, ಬರದ ಚಿಟಿಕಿ ಹೊಡೆಯಲು ಹೋಯಿತು. ಅಂಥ ಭಯದೊಳಗೂ ನನಗೆ ನಗು ಬಂತು. ಹರಿದ ಕಿವಿಯದನ್ನು ಇನ್ನೂ ಯಾರೋ ತನ್ನದು ಅಂತಾರ, ಮಗ್ಗುಲಿಗೆ ಕೂಡುತಾರ, ಅಂದುಕೊಂಡೆ. ಆ ದಿನದ ಅನ್ನ ಅಷ್ಟರ ಮೇಲೆ ಗಂಟಲಿಳಿಯಿತು.

ಆಮೇಲೆ ದಿನಾ ಹೋದೆವು. ಮನೆಗೆಲಸ ಅರ್ಧಕ್ಕೇ ಉಳಿಯುತ್ತಿತ್ತು, ಅತ್ತಿಯೇ ಬುಟ್ಟಿ ಎತ್ತಿಕೊಂಡು ಮುಂದೆ ನಡೆಯುತ್ತಿದ್ದರು. ನೋಡುತ್ತ ನೋಡುತ್ತ ಒಂದು ಮಾತು ತಿಳಿಯಿತು. ಹಿಂಡಿನ ದೊಡ್ಡ ಗಂಡೂ ಆಕಳಿಸುತ್ತಿತ್ತು, ಆದರೆ ನಮ್ಮನ್ನೇ ದಿಟ್ಟಿಸಿ, ಕೋರೆಹಲ್ಲು ಪೂರ್ತಿ ತೋರಿಸಿ. ಅದು ನಿದ್ದಿಗಣ್ಣಿನಲ್ಲೈತಿ ಎಂದು ನಾನು ರೊಟ್ಟಿ ಹಾಕಲು ಮುಂದೆ ಹೋದಾಗ ಅತ್ತಿ ಸೆರಗು ಹಿಡಿದು ಎಳೆದರು. ಅದು ನಿದ್ದೆಯಲ್ಲ, ಗದರಿಕೆ. ಅದು ಬಾಯಿ ತೆರೆದದ್ದನ್ನು ನೋಡಿ ಯಾರೂ ಆಕಳಿಸುತ್ತಿರಲಿಲ್ಲ, ಮರಿಗಳು ತಾಯಿಯ ಹೊಟ್ಟೆಗೆ ಅವಚಿಕೊಳ್ಳುತ್ತಿದ್ದವು. ಹರಿದ ಕಿವಿಯದರ ಆಕಳಿಕೆ ಮಾತ್ರ ಅದರ ಮುದಿ ಗೆಳತಿಗೆ ಹತ್ತುತ್ತಿತ್ತು. ದೂರ ಕೂತವಕ್ಕೆ ಅಷ್ಟು ಹತ್ತುತ್ತಿರಲಿಲ್ಲ. ಬೇಕಾದವರಿಗೇ ಬೇಗ ಹತ್ತುತ್ತದೇನೋ ಅನಿಸಿತು ನನಗೆ. ಹೌದೋ ಅಲ್ಲವೋ, ನಾನು ನೋಡಿದ್ದು ಇಷ್ಟು.

ಅಮಾವಾಸ್ಯೆ ಹತ್ತಿರ ಬಂದಾಗ ಒಂದು ದಿನ ಹರಿದ ಕಿವಿಯದು ಕಾಣಲಿಲ್ಲ. ಮುದಿ ಹೆಣ್ಣೊಂದೇ ಗೋಡೆಯ ಮೇಲೆ ಕೂತಿತ್ತು. ಆಕಳಿಸಿತು. ಮಗ್ಗುಲಿಗೆ ಯಾರೂ ಇರಲಿಲ್ಲ.

ಸತ್ತಿದೆ, ಇಲ್ಲಾ ಹುಚ್ಚು ಹತ್ತಿ ಅಗಲಿದೆ. ಹೊಳಿ ಇನ್ನೂ ಇಳಿದಿಲ್ಲ. ಕೂಸನ್ನು ಅತ್ತಿಯ ಕೈಗೆ ಕೊಟ್ಟು ಹಳ್ಳದ ಜಾಲಿಮುಳ್ಳಿನೊಳಗೆ ಹೊಕ್ಕೆ. ಎರೆಮಣ್ಣು ಮೊಣಕಾಲಿನವರೆಗೆ ಹಿಡಿಯುತ್ತಿತ್ತು. ತಾಯಿ ಭಾಗ್ಯವಂತಿ, ನನ್ನ ಕೂಸು ಉಳಿದರೆ ಘತ್ತರಗಿಗೆ ಬಂದು ನಿನಗೆ ಉಡಿ ತುಂಬುತೇನಿ ಅನ್ನುತ್ತ, ಹೆಣ ಹುಡುಕುವ ಹಾಗೆ ಒಂದೊಂದು ಪೊದೆ ಬಗ್ಗಿ ನೋಡಿದೆ. ಸಿಗಲಿ ಅಂತಲೂ ಬೇಡಲಾರೆ, ಸಿಗದಿರಲಿ ಅಂತಲೂ ಬೇಡಲಾರೆ.

ಹಳ್ಳದ ತಿರುವಿನಲ್ಲಿ ಒಂದು ಬೇವಿನಗಿಡದ ಕವಲಿನಲ್ಲಿ ಅದು ಕೂತಿತ್ತು. ಬದುಕಿತ್ತು. ಎದೆಗೆ ಕರ್ರಗಿನ, ಇನ್ನೂ ಹಸಿ ಆರದ ಮರಿ. ನನ್ನನ್ನು ಕಂಡು ಮರಿಯನ್ನು ಎರಡೂ ಕೈಯಿಂದ ಮುಚ್ಚಿತು. ಇನ್ನೆರಡು ಹೆಣ್ಣು ಮಂಗಗಳು ಸರಿದು ಬಂದು ಮರಿಯ ಕಾಲನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದವು. ಅದು ಮುಟ್ಟಗೊಟ್ಟಿತು. ಬಸುರಿ ಅಂತ ಇಷ್ಟು ದಿನ ನೋಡಿಯೂ, ಒಂದು ಹಡೆದ ನನಗೆ ಹೊಳೆದಿರಲಿಲ್ಲ. ಅದರ ಬಾಯಿಯನ್ನು ಬಿಟ್ಟು ಬೇರೇನನ್ನೂ ನಾನು ನೋಡಿಯೇ ಇರಲಿಲ್ಲ.

ಅತ್ತಿಗೆ ಹೇಳಿದೆ. ಅವರು ಕೈಮುಗಿದರು, ಆದರೆ "ಇನ್ನೂ ಅಮಾಸಿ ಐತಿ" ಅಂದರು. ಸುಳ್ಳು ಧೈರ್ಯ ಹೇಳುವವರಲ್ಲ. ಅಮಾವಾಸ್ಯೆ ಬಂತು, ಹೋಯಿತು. ಹರಿದ ಕಿವಿಯದು ಮರಿಯನ್ನು ಹೊಟ್ಟೆಗೆ ಕಟ್ಟಿಕೊಂಡು ಕಟ್ಟೆಗೆ ಬಂದು ಶೇಂಗಾ ತಿಂದಿತು, ಹಳ್ಳದ ನೀರಿಗೆ ಬಾಯಿ ಹಚ್ಚಿ ಕುಡಿಯಿತು.

ಹೊಳಿ ಇಳಿದು ಮನೆಯವರು ಬಂದರು. ಅವರಿಗೆ ಏನೂ ಸುದ್ದಿ ತಿಳಿದಿರಲಿಲ್ಲ. ಮಗಳ ಕೈಮೇಲಿನ ಕಲೆ ನೋಡಿ, ಇದೇನು ಎಂದು ಕೇಳಿದರು. ನೀರು ಕೊಡುತ್ತ ಹೇಳಹತ್ತಿದೆ. ಮಾಳಿಗಿ, ಕಾಯಿ, ಕಂಪೌಂಡರು ಅನ್ನುವವರೆಗೆ ಸರಿಯಿದ್ದೆ. ಆಮೇಲೆ ತಂಬಿಗಿಯ ನೀರು ಅವರ ಕಾಲ ಮೇಲೆ ಚೆಲ್ಲಿತು, ಹಲ್ಲಿಗೆ ಹಲ್ಲು ತಾಗಿ ಮಾತೇ ಹೊರಡದಾಯಿತು. ಅಲ್ಲಿಯವರೆಗೆ ಹೆದರಲೂ ನನಗೆ ಪುರುಸೊತ್ತು ಸಿಕ್ಕಿರಲಿಲ್ಲ ಅಂತ ಕಾಣುತ್ತದೆ.

ಅತ್ತಿ ತಂಬಿಗಿ ಇಸಿದುಕೊಂಡು ಕೆಳಗಿಟ್ಟು, ನನ್ನನ್ನು ಗೋಡೆಗೆ ಆನಿಸಿ ಕೂಡಿಸಿದರು.

"ಈಗ ಅಳು, ನನ ಯವ್ವಾ," ಅಂದರು. "ಈಗ ಅತ್ರ ಏನೂ ಆಗಂಗಿಲ್ಲ."

ಉಳಿದದ್ದನ್ನು ಮಗನಿಗೆ ಅವರೇ ಹೇಳಿದರು.